ಬಿಸಿಯಾಗದ ಬಳೆ

ದಾವಣಗೆರೆ ಬಜಾರಿನ ಗಂಡಸರೆಲ್ಲ ಬಳೆ ತೊಟ್ಟುಕೊಂಡ ವರ್ಷ ಅದು. ಸರ್ಕಾರ ಅದಕ್ಕೆ ‘ತೆರಿಗೆ ಜಾಡು ಸೂಚಕ’ ಅಂತ ಹೆಸರಿಟ್ಟಿತ್ತು. ಅಷ್ಟುದ್ದದ ಹೆಸರು ಹೇಳುವ ಪುರುಸೊತ್ತು ವ್ಯಾಪಾರಸ್ಥರಿಗೆಲ್ಲಿ? ಬೆರಳಗಲದ ಬೂದು ಪಟ್ಟಿ, ಮಣಿಕಟ್ಟಿಗೆ ಹಾಕಿಕೊಳ್ಳುವುದು. ತೆರಿಗೆ ಬಳೆ ಅಂದರು, ಆ ಹೆಸರೇ ನಿಂತಿತು.

ಅದು ಹುಟ್ಟಿದ್ದು ಜಗಳದಿಂದ. ‘ನಮ್ಮ ದುಡ್ಡು ಎಲ್ಲಿಗೆ ಹೋಗುತ್ತೆ ಹೇಳಿ’ ಅಂತ ವ್ಯಾಪಾರಸ್ಥರೆಲ್ಲ ಅಂಗಡಿ ಬಾಗಿಲು ಹಾಕಿ ಬೀದಿಯಲ್ಲಿ ಕೂತಾಗ, ಉತ್ತರ ಗೊತ್ತಿಲ್ಲದ ಸರ್ಕಾರ ವಿಜ್ಞಾನಿಗಳ ಕಾಲು ಹಿಡಿಯಿತು. ತೆರಿಗೆಯಾಗಿ ಕಟ್ಟಿದ ಪ್ರತಿ ರೂಪಾಯಿಗೂ ಒಂದು ಗುರುತು ಅಂಟಿಸುವ ಉಪಾಯವನ್ನು ಅವರು ಕಂಡುಹಿಡಿದರು. ಒಬ್ಬೊಬ್ಬರು ಕಟ್ಟಿದ್ದರಲ್ಲಿ ಒಂದು ಪಾಲನ್ನು ಅವರ ಊರಿನದೇ ಒಂದೆರಡು ಕೆಲಸಗಳಿಗೆ ಗಂಟು ಹಾಕಿದರು. ಆ ದುಡ್ಡು ಒಂದು ನಲ್ಲಿಯಾಗಿಯೋ ಬಸ್ಸಿನ ಸೀಟಾಗಿಯೋ ಆಸ್ಪತ್ರೆಯ ಮಂಚವಾಗಿಯೋ ಬದಲಾಯಿತು ಅನ್ನಿ. ಯಾರಾದರೂ ಅದನ್ನು ಬಳಸಿದ ಕ್ಷಣ ದುಡ್ಡು ಕಟ್ಟಿದವರ ಬಳೆಗೆ ಸಂಕೇತ ಬರುತ್ತದೆ, ಒಳಗಿನ ತೆಳು ತಗಡು ಬೆಚ್ಚಗಾಗುತ್ತದೆ. ಬಳಸುವುದು ನಿಂತರೆ ಆರುತ್ತದೆ. ಪಕ್ಕದ ಗುಂಡಿ ಒತ್ತಿದರೆ ಎಲ್ಲಿ, ಏನು ಅಂತ ಒಂದು ಹೆಣ್ಣುದನಿ ಹೇಳುತ್ತದೆ. ದುಡ್ಡು ನಡುದಾರಿಯಲ್ಲಿ ಯಾರದೋ ಜೇಬಿಗಿಳಿದಿದ್ದರೆ ಬಳೆಗೆ ಹೇಳಲು ಏನೂ ಇರುವುದಿಲ್ಲ, ಸುಮ್ಮನಿರುತ್ತದೆ. ತೊಟ್ಟವರು ಯಾರು ಅಂತ ಮಣಿಕಟ್ಟಿನ ರಕ್ತನಾಳಗಳನ್ನು ನೋಡಿ ಬಳೆಯೇ ಗುರುತು ಹಿಡಿದು, ಅವರ ಹೆಸರಿನಲ್ಲಿ ಕಟ್ಟಿದ ತೆರಿಗೆಯನ್ನು ತಾನೇ ಹುಡುಕಿಕೊಳ್ಳುತ್ತಿತ್ತು.

ಇಂಥ ಬಳೆ ತನ್ನ ಗಂಡನ ಕೈಗೆ ಬಂದ ದಿನ ಮಂಗಳಮ್ಮನಿಗೆ ಒಳಗೊಳಗೇ ದಿಗಿಲಾಗಿತ್ತು. ಬಕ್ಕೇಶಪ್ಪನವರಿಗೆ ತೆರಿಗೆ ಅಂದರೆ ಮೈಯೆಲ್ಲ ಉರಿ. ಹಗ್ಗ, ಟಾರ್ಪಾಲು, ಗೋಣಿತಟ್ಟು ಮಾರುವ ‘ಶ್ರೀ ಮಂಗಳಾ ಟ್ರೇಡರ್ಸ್’ ಅಂಗಡಿಯಲ್ಲಿ ಕೂತು, ಗಿರಾಕಿಗೆ ಹಗ್ಗ ಅಳೆಯುತ್ತ ಅಳೆಯುತ್ತಲೇ ಅವರು ಸರ್ಕಾರಕ್ಕೆ ಮಂಗಳಾರತಿ ಎತ್ತುತ್ತಿದ್ದರು. ಎದುರಿನ ರಸ್ತೆಯ ಗುಂಡಿ, ಬಜಾರಿನ ತುದಿಯಲ್ಲಿ ಒಂದು ಹನಿಯೂ ಚಿಮ್ಮದ ಕಾರಂಜಿ, ಆ ಕಾರಂಜಿಗೆ ನಡೆದ ಎರಡೆರಡು ಉದ್ಘಾಟನೆ, ಇವೆಲ್ಲ ಅವರಿಗೆ ಬಾಯಿಪಾಠ. ಅವರು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ತಾಪತ್ರಯ. ಊಟಕ್ಕೆ ಕೂತಾಗಲೂ ಅದೇ ಮಾತು. ಮಂಗಳಮ್ಮ ರೊಟ್ಟಿ ಬಡಿಯುವ ಸದ್ದನ್ನು ಸ್ವಲ್ಪ ಜೋರು ಮಾಡಿ ತಪ್ಪಿಸಿಕೊಳ್ಳುತ್ತಿದ್ದಳು.

ಬಳೆ ಹಂಚಲು ಬಂದವರು ಅಂಗಡಿ ಮುಂದೆ ನಿಂತು "ಓನರ್ ಯಾರ್ರೀ?" ಅಂದರು. ಅಕ್ಕಪಕ್ಕದವರೆಲ್ಲ ಬಕ್ಕೇಶಪ್ಪನವರ ಕಡೆ ಕೈ ತೋರಿಸಿದರು. ಅವರು ಅಂಗಿಯ ತೋಳು ಮಡಚಿ ಕೈ ಚಾಚಿದರು. ಬಳೆ ಬಿತ್ತು. ವಾರ ಕಳೆಯಿತು, ಎರಡು ಕಳೆಯಿತು, ಬಿಸಿಯ ಸುಳಿವೇ ಇಲ್ಲ.

ಬಕ್ಕೇಶಪ್ಪನವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದರು. "ಮುಟ್ಟಿ ನೋಡ್ರಿ! ಮಂಜುಗಡ್ಡೆ! ನಾ ಹೇಳ್ತಿರಲಿಲ್ವಾ, ಎಲ್ಲಾ ನುಂಗಿ ನೀರು ಕುಡಿದಾರೆ ಅಂತ? ಈಗ ಮಿಷಿನ್ನೇ ಹೇಳ್ತೈತೆ!"

ಆದರೆ ಬಜಾರು ನಿಧಾನಕ್ಕೆ ಬದಲಾಗತೊಡಗಿತು. ಮೊದಲು ಬಿಸಿಯಾದದ್ದು ಎದುರಿನ ಮಂಡಕ್ಕಿ ಭಟ್ಟಿಯ ದಾದಾಪೀರನ ಬಳೆ. ಭಟ್ಟಿಯ ಮುಂದೆ ಕೂತವನಿಗೆ ಬಿಸಿ ಎಲ್ಲಿಂದ ಬಂತು ಅಂತಲೇ ಗೊತ್ತಾಗದೆ, ಹೊರಗೆ ಬಂದು ನೆರಳಲ್ಲಿ ನಿಂತು, ಆಮೇಲೆ ಗುಂಡಿ ಒತ್ತಿದ. ‘ಬಸ್ ನಿಲ್ದಾಣದ ಹಿಂದಿನ ಸರ್ಕಾರಿ ಶಾಲೆ, ಮೂರನೇ ತರಗತಿಯ ಫ್ಯಾನು’ ಅಂತು ಬಳೆ. ಕೆಲಸ ಬಿಟ್ಟು ಓಡಿದ. ವಾಪಸು ಬಂದವನ ಮುಖ ಮದುವೆಮನೆಯಿಂದ ಬಂದವರ ಮುಖದಂತಿತ್ತು.

"ನನ್ನ ಫ್ಯಾನು ತಿರುಗ್ತೈತೆ ಬಕ್ಕೇಶಣ್ಣ. ಕೆಳಗೆ ಹುಡುಗ್ರು ಕೂತು ಮಗ್ಗಿ ಹೇಳ್ತಾವೆ. ಒಂದು ರೆಕ್ಕೆ ಲಟಲಟ ಅಂತೈತೆ. ಹೆಡ್ ಮೇಷ್ಟ್ರಿಗೆ ಹೇಳಿ ಬಂದೀನಿ, ನಾಳೆ ಎಣ್ಣೆ ಬಿಡ್ಲಿಲ್ಲಾಂದ್ರೆ ನಾನೇ ಏಣಿ ತರ್ತೀನಿ ಅಂತ."

ಆಮೇಲೆ ಒಬ್ಬೊಬ್ಬರದೂ ಬೆಚ್ಚಗಾಯಿತು. ಸ್ಟೇಷನರಿ ಅಂಗಡಿಯವರು ಬಸ್ ಸ್ಟಾಪಿನ ‘ತಮ್ಮ’ ಬೆಂಚಿನ ಮೇಲೆ ಉಗುಳಿದವನ ಕೈಯಲ್ಲೇ ಅದನ್ನು ಒರೆಸಿಸಿದರು. ಕಾರಂಜಿಗೆ ಗಂಟು ಬಿದ್ದ ನಾಲ್ಕಾರು ಮಂದಿ ನಗರಸಭೆಗೆ ಹೋಗಿ, ತಮ್ಮ ತಣ್ಣನೆಯ ಬಳೆಗಳನ್ನು ಸಂಬಂಧಪಟ್ಟ ಇಂಜಿನಿಯರ ಕೆನ್ನೆಗೆ ಒತ್ತಿ ಹಿಡಿದು ಕೂತರು. ಅವರ ಕೈಗಳಿಗೂ ಬೇರೆ ಇನ್ನೊಂದು ಕೆಲಸದಿಂದ ಆಗೀಗ ಬಿಸಿ ಬರುತ್ತಿತ್ತು. ಒಮ್ಮೆಯೂ ಬೆಚ್ಚಗಾಗದ್ದು ಬಕ್ಕೇಶಪ್ಪನವರ ಬಳೆ ಒಂದೇ.

ಅವರ ಮಾತು ಕಮ್ಮಿಯಾಯಿತು. ಮೊದಲು ಮಂಗಳಮ್ಮನಿಗೆ ಹಾಯೆನಿಸಿತ್ತು, ನಿಜ ಹೇಳಬೇಕಲ್ಲ. ಊಟದ ಹೊತ್ತಿಗೆ ಸರ್ಕಾರ ಬಂದು ಪಕ್ಕದಲ್ಲಿ ಕೂರುವುದು ನಿಂತಿತ್ತು. ಆದರೆ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಿಂದ ಇಣುಕಿದಾಗ, ಗಂಡ ಕಾಫಿಯ ಸ್ಟೀಲ್ ಲೋಟವನ್ನು ಬಳೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಸ್ವಲ್ಪ ಹೊತ್ತು ಹಿಡಿದು, ಲೋಟ ತೆಗೆದು, ಬಳೆಯ ಮೇಲೆ ಬೆರಳಾಡಿಸಿದರು. ಅದು ಆರುವ ತನಕ ಆಡಿಸುತ್ತಲೇ ಇದ್ದರು. ಕಾಫಿ ಕುಡಿಯಲೇ ಇಲ್ಲ.

ಮಂಗಳಮ್ಮ ಹತ್ತಿರ ಹೋಗಿ ಕೂತಳು.

"ಕೆಟ್ಟಿರಬೇಕು ರೀ ಅದು. ನಮ್ಮ ಸಿಂಚು ಜಾಡು ಕೇಂದ್ರದಲ್ಲೇ ಇದ್ದಾಳಲ್ಲ, ಅವಳ ಹತ್ರ ತೋರಿಸೋಣ."

"ಹೋದ ವಾರಾನೇ ತೋರಿಸಿದೆ. ಬಳೆ ಸರಿ ಐತಂತೆ." ಅವರು ಲೋಟದ ಕಡೆ ನೋಡುತ್ತ ಹೇಳಿದರು. "ಮಂಗಳಾ, ನಮಗೆ ಮಕ್ಕಳಾಗಲಿಲ್ಲ. ಹೋಗಲಿ ಬಿಡು. ದುಡಿದದ್ದು ಊರಿಗಾದ್ರೂ ಒಂದಿಷ್ಟು ಮುಟ್ಟಿರಬೇಕು ಅಂದ್ಕೊಂಡಿದ್ದೆ. ಬೈಯ್ತಿದ್ದೆ, ಬೈಯಲ್ಲ ಅಂತಲ್ಲ. ಒಳಗೊಳಗೆ ಹಂಗೇ ಅಂದ್ಕೊಂಡಿದ್ದೆ. ಯಾರಿಗೂ ಏನೂ ಮುಟ್ಟಿಲ್ಲ ನೋಡು. ಒಂದು ಫ್ಯಾನೂ ಇಲ್ಲ."

ಇಷ್ಟು ವರ್ಷ ಬೈಗುಳದ ಕೆಳಗೆ ಇಂಥದೊಂದು ಆಸೆ ಅಡಗಿ ಕೂತಿತ್ತು ಅಂತ ಅವಳಿಗೂ ಗೊತ್ತಿರಲಿಲ್ಲ. ಅವರು ಬಳೆ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಸ್ನಾನಕ್ಕೆ ಹೋದರು. ಅಂಗಡಿಗೆ ಹೋಗುವಾಗ ಹಾಕಿಕೊಳ್ಳಲೂ ಇಲ್ಲ. ಮಂಗಳಮ್ಮ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಕೈಚೀಲದೊಳಗಿಟ್ಟು, ಮನೆಗೆ ಬೀಗ ಹಾಕಿ ಹೊರಟಳು.

ಊರಿನ ಬಳೆಗಳ ಲೆಕ್ಕವೆಲ್ಲ ನೋಡಿಕೊಳ್ಳುವ ಜಾಡು ಕೇಂದ್ರ ಇದ್ದದ್ದು ಮುಚ್ಚಿಹೋದ ಹತ್ತಿ ಗಿರಣಿಯೊಂದರ ಶೆಡ್ಡಿನಲ್ಲಿ. ಹಿಂದೆ ಮಗ್ಗಗಳು ಬಡಿಯುತ್ತಿದ್ದ ಕಡೆ ಈಗ ಗೋಡೆಯುದ್ದದ ಪರದೆಯ ಮೇಲೆ ಊರಿನ ನಕ್ಷೆ, ಅದರ ತುಂಬ ಮಿಣಮಿಣ ಚುಕ್ಕೆಗಳು. ಹಳದಿ ಚುಕ್ಕೆ ಅಂದರೆ ಯಾರೋ ಏನನ್ನೋ ಬಳಸುತ್ತಿದ್ದಾರೆ. ಕಪ್ಪು ಅಂದರೆ ದುಡ್ಡಿನ ಜಾಡು ಅಲ್ಲಿಗೆ ತಪ್ಪಿದೆ. ಕಪ್ಪೂ ಕಮ್ಮಿ ಇರಲಿಲ್ಲ. ಕಾರಂಜಿಯಿದ್ದ ಜಾಗ ನಕ್ಷೆಯ ಮೇಲೆ ಮಸಿ ಚೆಲ್ಲಿದಂತಿತ್ತು. ಮಂಗಳಮ್ಮನ ತಂಗಿಯ ಮಗಳು ಸಿಂಚನ ಅಲ್ಲಿನ ಇಂಜಿನಿಯರು. ದೊಡ್ಡಮ್ಮನನ್ನು ಕಂಡವಳೇ ಎದ್ದು ಬಂದು ಕುರ್ಚಿ ಎಳೆದಳು.

ಮಂಗಳಮ್ಮ ನೀರನ್ನೂ ಕುಡಿಯದೆ ಕರವಸ್ತ್ರ ಬಿಚ್ಚಿದಳು. "ಇದನ್ನ ಸ್ವಲ್ಪ ಬಿಸಿಯಾಗೋ ಹಂಗೆ ಮಾಡಿಕೊಡ್ತೀಯಾ ಸಿಂಚು? ದಿನಕ್ಕೊಂದು ಸಲ ಸಾಕು."

"ಅಂದ್ರೆ... ಸುಳ್ಳು ಬಿಸಿನಾ?"

"ಸುಳ್ಳೋ ನಿಜಾನೋ. ಅವರಿಗೆ ಗೊತ್ತಾಗಬಾರದು ಅಷ್ಟೇ."

ಸಿಂಚನ ತಲೆ ಅಲ್ಲಾಡಿಸಿದಳು. "ಮೇಲಿನವರು ತಿಂಗಳಿಗೊಮ್ಮೆ ಬಂದು ಇದನ್ನೇ ಕೇಳ್ತಾರೆ ದೊಡ್ಡಮ್ಮ. ಎಲ್ಲರ ಕೈಗೂ ಯಾವಾಗಲೂ ಒಂಚೂರು ಬೆಚ್ಚಗೆ ಇಡಿ, ಜನ ಸಮಾಧಾನವಾಗಿರ್ತಾರೆ ಅಂತ. ಆಗಲ್ಲ ಅಂತ ಜಗಳ ಆಡಿದೀನಿ. ಒಂದು ಸುಳ್ಳು ಒಳಗೆ ಹೋದ್ರೆ ದಾದಾಪೀರ್ ಚಿಕ್ಕಪ್ಪನ ಫ್ಯಾನೂ ಸುಳ್ಳಾಗುತ್ತೆ."

"ನಂಗೆ ಅದೆಲ್ಲ ತಿಳಿಯಲ್ಲ ಕಣವ್ವ. ಆ ಮನುಷ್ಯ ಕಾಫಿ ಲೋಟ ಒತ್ತಿ ಬಳೆ ಬಿಸಿ ಮಾಡ್ಕೊಂತಾ ಕೂತಿದ್ರು." ಅಷ್ಟು ಹೇಳಿ ಮಂಗಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಿಂಚನ ಕರವಸ್ತ್ರದಿಂದ ಬಳೆ ಎತ್ತಿಕೊಂಡಳು. ಚಿಕ್ಕವಳಿದ್ದಾಗ ಹಗ್ಗದ ಸಿಂಬಿಯ ಮೇಲೆ ತನ್ನನ್ನು ಕೂರಿಸಿ ಅಂಗಡಿ ತುಂಬ ಎಳೆದಾಡುತ್ತಿದ್ದ ದೊಡ್ಡಪ್ಪ ಅವರು. ಬಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದಳು, ಪರದೆಯ ಕಡೆ ನೋಡಿದಳು, ಮತ್ತೆ ದೊಡ್ಡಮ್ಮನ ಕಡೆ ನೋಡಿದಳು. ಕೊನೆಗೆ ದನಿ ತಗ್ಗಿಸಿದಳು.

"ಒಂದೇ ಒಂದು ಸಲಕ್ಕೆ. ನೀವು ಇದನ್ನ ಹಾಕ್ಕೊಳ್ಳಿ. ಎಷ್ಟು ಬಿಸಿ ಇದ್ರೆ ಅವರು ನಂಬ್ತಾರೆ ಅಂತ ನೀವೇ ಹೇಳಬೇಕು."

ಮಂಗಳಮ್ಮ ಗಾಜಿನ ಬಳೆಗಳನ್ನು ಮೇಲೆ ಸರಿಸಿ ಅದನ್ನು ತೊಟ್ಟಳು. ಸಿಂಚನ ಮೇಜಿನ ಕಡೆ ಹೋದಳು. ಒಂದು ನಿಮಿಷವೂ ಆಗಿರಲಿಲ್ಲ, ಮಂಗಳಮ್ಮನ ಮಣಿಕಟ್ಟು ಬೆಚ್ಚಗಾಯಿತು. ಎಳೆಮಗುವಿನ ಹಣೆ ಮುಟ್ಟಿದಂಥ ಬಿಸಿ.

"ಇಷ್ಟು ಸಾಕು ಸಿಂಚು. ಇನ್ನು ಜಾಸ್ತಿ ಬೇಡ."

ಸಿಂಚನ ತಿರುಗಿ ನೋಡಿದಳು. "ನಾನಿನ್ನೂ ಏನೂ ಮಾಡಿಲ್ಲ ದೊಡ್ಡಮ್ಮ."

ಸಿಂಚನ ಬಂದು ಗುಂಡಿ ಒತ್ತಿದಳು. ‘ಸರ್ಕಾರಿ ಆಸ್ಪತ್ರೆ, ಹೆರಿಗೆ ವಾರ್ಡು, ಬಿಸಿನೀರಿನ ಬಾಯ್ಲರು’ ಅಂತು ಬಳೆ. ಸಿಂಚನ ಪರದೆಯಲ್ಲಿ ಏನೇನೋ ಹುಡುಕಿ, ಹಣೆಗೆ ಕೈ ಹಚ್ಚಿಕೊಂಡು ನಗತೊಡಗಿದಳು.

"ಹೋದ ವಾರ ಬಳೆ ಕೆಟ್ಟಿದೆಯಾ ಅಂತಷ್ಟೇ ನೋಡಿದ್ದೆ, ಹೆಸರು ನೋಡಲೇ ಇಲ್ಲ. ಅಂಗಡಿ ಯಾರ ಹೆಸರಲ್ಲಿದೆ ದೊಡ್ಡಮ್ಮ?"

"ಬೋರ್ಡಿನಲ್ಲಿ ನನ್ನ ಹೆಸರೇ ಇದೆಯಲ್ಲ."

"ಬೋರ್ಡು ಬಿಡಿ. ಲೈಸೆನ್ಸು, ತೆರಿಗೆ, ಎಲ್ಲಾ?"

ಆಗ ನೆನಪಾಯಿತು. ಮದುವೆಯಾದ ಹೊಸತು. ಆಗ ಬಕ್ಕೇಶಪ್ಪನವರಿಗೆ ಅಣ್ಣತಮ್ಮಂದಿರ ಜತೆ ಹತ್ತಿ ವ್ಯಾಪಾರದಲ್ಲಿ ಪಾಲಿತ್ತು. ಹಗ್ಗದ ಅಂಗಡಿಯೂ ಅದೇ ಹೆಸರಿಗೆ ಬಿದ್ದರೆ ತೆರಿಗೆ ಏರುತ್ತದೆ ಅಂತ ಆಡಿಟರು ಕಿವಿಯಲ್ಲಿ ಹೇಳಿದ್ದರು. ‘ಎಲ್ಲಾ ನಿನ್ನ ಹೆಸರಿಗೆ ಮಾಡಿಸೀನಿ, ನೋಡಿದೆಯಾ ನನ್ನ ಬುದ್ಧಿ’ ಅಂತ ಅವರು ಕಣ್ಣು ಮಿಟುಕಿಸಿದ್ದೂ ನೆನಪಿದೆ. ಹತ್ತಿಯ ಪಾಲು ಬರಬರುತ್ತ ಮುಳುಗಿಹೋಯಿತು. ಅಂಗಡಿ ಅವಳ ಹೆಸರಿನಲ್ಲೇ ಉಳಿಯಿತು. ಆಡಿಟರು ಕಳಿಸಿದ ಕಾಗದಗಳ ಮೇಲೆಲ್ಲ ಅವಳು ರುಜು ಹಾಕುತ್ತ ಬಂದಳು. ಓನರ್ ಯಾರು ಅಂತ ಕೇಳಿದರೆ ಇಡೀ ಬಜಾರು, ಅವಳೂ ಸೇರಿ, ಬಕ್ಕೇಶಪ್ಪನವರ ಕಡೆಗೇ ಕೈ ತೋರಿಸುತ್ತಿತ್ತು.

"ಹಂಗಾದ್ರೆ ಅವರ ಹೆಸರಲ್ಲಿ..."

"ಒಂದು ಪೈಸೆಯೂ ಇಲ್ಲ," ಅಂದಳು ಸಿಂಚನ. "ತೆರಿಗೆ ಬಗ್ಗೆ ಇಡೀ ಜಿಲ್ಲೆಯಲ್ಲಿ ಅತಿ ಹೆಚ್ಚು ಬೈದಿರೋ ಮನುಷ್ಯ ಈಚಿನ ಎಷ್ಟೋ ವರ್ಷದಿಂದ ತೆರಿಗೆಯನ್ನೇ ಕಟ್ಟಿಲ್ಲ!"

ಮಂಗಳಮ್ಮನಿಗೂ ನಗು ತಡೆಯಲಾಗಲಿಲ್ಲ. ನಗುತ್ತಿದ್ದಂತೆಯೇ ಮಣಿಕಟ್ಟು ಮತ್ತೆ ಬೆಚ್ಚಗಾಯಿತು. ಯಾರೋ ಒಬ್ಬಳು ಬಾಣಂತಿಗೆ ಅವಳ ತಾಯಿ ಬಕೆಟ್ಟು ತುಂಬಿಸುತ್ತಿರಬೇಕು. ಮಂಗಳಮ್ಮ ಬಾಣಂತಿ ಸ್ನಾನ ಮಾಡಿಸಿಕೊಂಡವಳಲ್ಲ. ಆ ಬಿಸಿನೀರು, ಸಾಂಬ್ರಾಣಿ ಹೊಗೆ, ತಲೆಗೆ ಸುತ್ತುವ ಬಟ್ಟೆ ಎಲ್ಲವನ್ನೂ ಬೇರೆಯವರ ಮನೆಯಲ್ಲಿ ಕಂಡವಳು. ಅವಳು ಬಳೆಯ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡು ಕೂತಳು. ಸಿಂಚನ ಏನೋ ಮಾತಾಡುತ್ತಿದ್ದಳು, ಒಂದೂ ಕಿವಿಗೆ ಬೀಳಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಒಂದೇ ಯೋಚನೆ. ಹೇಳುವುದೋ ಬೇಡವೋ? ಹೇಳದಿದ್ದರೆ ಆ ಮನುಷ್ಯ ಹೀಗೇ ಕೊರಗುತ್ತಾರೆ. ಹೇಳಿದರೆ, ದುಡಿದದ್ದು ತಾವು, ಬಿಸಿ ಬಂದದ್ದು ಹೆಂಡತಿಯ ಕೈಗೆ ಅಂತ ಎದೆ ಒಡೆದುಕೊಳ್ಳಬಹುದು. ಬಜಾರಿಗೆ ಗೊತ್ತಾದರೆ ನಗೆಪಾಟಲು ಬೇರೆ. ಮನೆ ಮುಟ್ಟಿದರೂ ತೀರ್ಮಾನವಾಗಿರಲಿಲ್ಲ.

ಬಕ್ಕೇಶಪ್ಪನವರು ಮಧ್ಯಾಹ್ನದ ಊಟಕ್ಕೆ ಬಂದು, ತಮ್ಮ ಬೀಗದಕೈಯಿಂದ ಬಾಗಿಲು ತೆಗೆದು, ಜಗುಲಿಯಲ್ಲಿ ಕಾಯುತ್ತಿದ್ದರು. "ಎಲ್ಲಿ ಹೋಗಿದ್ದೆ? ಬಳೆ ಎಲ್ಲಿ? ಗೂಟದಲ್ಲಿರಲಿಲ್ಲ. ಬಿಸಾಡಿದೆಯಾ? ಬಿಸಾಡಿದ್ರೆ ಒಳ್ಳೇದಾತು."

ಹೀಗೆ ಕೇಳುವಾಗ ಅವರ ಕಣ್ಣು ಮಾತ್ರ ಒಳಗಿನ ಗೂಟದ ಕಡೆಗೇ ಹೋಗುತ್ತಿತ್ತು. ಅದನ್ನು ಕಂಡ ಮೇಲೆ ಮಂಗಳಮ್ಮನಿಗೆ ಮುಚ್ಚಿಡಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕೂತು, ಬಿಸಿ ಬರುವವರೆಗೆ ಕಾದು, ಅವರ ಕೈ ಹಿಡಿದು ತನ್ನ ಮಣಿಕಟ್ಟಿನ ಮೇಲಿಟ್ಟಳು.

ಬಕ್ಕೇಶಪ್ಪನವರು ಕೈ ಹಿಂದಕ್ಕೆಳೆದು, ಮತ್ತೆ ಇಟ್ಟರು. "ಬಿಸಿ ಐತೆ."

"ಹೂಂ."

"ನಿನ್ನ ಕೈಗೆ ಯಾಕೆ?"

ಅವಳು ಎಲ್ಲ ಹೇಳಿದಳು. ಹೇಳುತ್ತ ಹೋದಂತೆ ಅವರ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಕೊನೆಗೆ ಅವರು ಬಾಯಿ ತೆರೆದಾಗ ಬಂದದ್ದು ನಗು, ಅದು ಅರ್ಧಕ್ಕೇ ಒಡೆದುಹೋಯಿತು.

"ನನ್ನ ಬುದ್ಧಿ ನೋಡು ಅಂದಿದ್ನಲ್ಲ ಅವತ್ತು? ಈಗ ನಾನೇ ನೋಡಿಬಿಟ್ಟೆ."

"ದುಡಿದದ್ದು ನೀವು ರೀ. ಬಾಯ್ಲರು ನಿಮ್ಮದೇ."

"ನಿಂದು. ನೀನು ರುಜು ಹಾಕಿದ್ದು." ಅವರು ಅವಳ ಮಣಿಕಟ್ಟಿನಿಂದ ಕೈ ತೆಗೆಯಲಿಲ್ಲ. "ಬಾಣಂತೇರು ಸ್ನಾನ ಮಾಡ್ತಾರಾ? ಮಕ್ಕಳಿಗೂ ಅದೇ ನೀರಾ?"

"ಮಕ್ಕಳಿಗೂ ಅದೇ."

ಊಟವಾದ ಮೇಲೆ ಬಕ್ಕೇಶಪ್ಪನವರು ಅಂಗಡಿಗೆ ಹೋಗಲಿಲ್ಲ. "ಸೀರೆ ಬದಲಾಯಿಸು, ಆಡಿಟರ್ ಹತ್ರ ಹೋಗೋದೈತೆ" ಅಂದರು. ಅಂಗಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ, ಬಾಯ್ಲರು ತನ್ನ ಕೈ ಬಿಟ್ಟು ಹೋಗುತ್ತದೆ ಅಂತ ಮಂಗಳಮ್ಮನ ಲೆಕ್ಕ. ಹೋದರೆ ಹೋಗಲಿ ಅಂದುಕೊಂಡಳು. ಆದರೂ ರಿಕ್ಷಾದಲ್ಲಿ ಬಳೆಯನ್ನು ಸೆರಗಿನೊಳಗೆ ಮುಚ್ಚಿ ಹಿಡಿದಿದ್ದಳು.

ಆಡಿಟರ್ ಹಾಲಸ್ವಾಮಿ ಈಗ ಮುದುಕರು. ಬಕ್ಕೇಶಪ್ಪನವರನ್ನು ಕಂಡರೆ ಸಾಕು, ಎಲ್ಲಿ ಇನ್ನೊಂದಿಷ್ಟು ಉಳಿಸಬಹುದು ಅಂತ ಕನ್ನಡಕ ಏರಿಸುತ್ತಿದ್ದವರು.

"ಸ್ವಾಮೇರೆ, ನನ್ನ ಹೆಸರಲ್ಲಿ ಒಂದು ಗೋಡೌನು ಐತಲ್ಲ, ಅಪ್ಪನ ಕಾಲದ್ದು. ಅದರ ಬಾಡಿಗೆ ಕೈಯಲ್ಲೇ ಈಸ್ಕೊಂತೀನಿ. ಎಲ್ಲೂ ತೋರಿಸಿಲ್ಲ."

"ಅದು ನಂಗೆ ಗೊತ್ತು, ನಿಮಗೆ ಗೊತ್ತು. ಯಾಕೆ, ಯಾರಾದ್ರೂ ಕೇಳಿದ್ರಾ?"

"ಯಾರೂ ಕೇಳಿಲ್ಲ. ತೋರಿಸ್ರಿ. ಹಿಂದಿನದ್ದೂ ಸೇರಿಸಿ, ಅಂಗಡಿ ಲೆಕ್ಕದಲ್ಲಿ ನಂಗೊಂದು ಸಂಬಳನೂ ತೋರಿಸಿ, ನನ್ನ ಹೆಸರಲ್ಲಿ ತೆರಿಗೆ ಬರೋ ಹಂಗೆ ಮಾಡ್ರಿ."

ಹಾಲಸ್ವಾಮಿ ಮಂಗಳಮ್ಮನ ಕಡೆ ತಿರುಗಿ, ಮೆಲ್ಲಗೆ, "ಮನೇಲಿ ಆರೋಗ್ಯ ಎಲ್ಲಾ ಸರಿ ಇದೆ ತಾನೆ?" ಅಂದರು.

"ಅಂಗಡಿ?" ಅಂತ ಮಂಗಳಮ್ಮ ಕೇಳಿಯೇ ಬಿಟ್ಟಳು.

"ಅಂಗಡಿ ನಿಂದು," ಅಂದರು ಬಕ್ಕೇಶಪ್ಪನವರು. "ಅದನ್ಯಾಕೆ ಮುಟ್ಟಲಿ? ಬಾಣಂತೇರ ನೀರು ನಿಲ್ಲಿಸಬೇಕಾ?"

ಬಜಾರಿನಲ್ಲಿ ಯಾರೂ ಬಾಯಿ ಬಿಡುವ ಮೊದಲೇ ಅವರೇ ಹೋಗಿ ದಾದಾಪೀರನಿಗೆ ಎಲ್ಲ ಹೇಳಿಕೊಂಡರು. ಬಜಾರು ಒಂದು ವಾರ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಅವರು ನಗಿಸಿಕೊಂಡರು. ಬೈಯುವುದನ್ನು ಬಿಟ್ಟರು ಅಂದುಕೊಳ್ಳಬೇಡಿ. ಈಗ ಹಕ್ಕು ಬಂತು ಅಂತ ಇನ್ನೂ ಜೋರಾಗಿ ಬೈದರು. ಕಾರಂಜಿಯ ಮಂದಿಯ ಜತೆ ನಗರಸಭೆಗೂ ಹೋದರು. ಕಾರಂಜಿ ಇವತ್ತಿಗೂ ಚಿಮ್ಮಿಲ್ಲ, ಆದರೆ ಅದರ ಗುತ್ತಿಗೆದಾರ ಊರು ಬಿಟ್ಟಿದ್ದಾನೆ.

ತೆರಿಗೆ ಕಟ್ಟಿದ್ದಾಯಿತು. ಅವರಿಗೆ ಬೇರೆ ಬಳೆ ಬಂತು, ಮೊದಲಿನದು ಮಂಗಳಮ್ಮನ ಕೈಯಲ್ಲೇ ಉಳಿಯಿತು. ದುಡ್ಡು ಖಜಾನೆ ಸೇರಿ, ಕೆಲಸವಾಗಿ, ಯಾರದೋ ಕೈಗೆ ಮುಟ್ಟಲು ತಿಂಗಳುಗಳೇ ಬೇಕು ಅಂತ ಸಿಂಚನ ಎಚ್ಚರಿಸಿದ್ದಳು. ಬಕ್ಕೇಶಪ್ಪನವರು ಕಾದರು. ಕಾಯುವುದು ಕಷ್ಟವಾದಾಗ ಹೆಂಡತಿಯ ಪಕ್ಕ ಬಂದು ಕೂತು, ಅವಳ ಬಳೆಯ ಮೇಲೆ ಎರಡು ಬೆರಳು ಇಡುತ್ತಿದ್ದರು. ಮದುವೆಯಾದ ಹೊಸತರಲ್ಲೂ ಅವರು ಹೀಗೆ ಅವಳ ಕೈ ಹಿಡಿದು ಕೂತವರಲ್ಲ.

ಆ ನಡುವೆ ಅವರ ಬೀದಿಯ ಹಳೆಯ ನೀರಿನ ಪೈಪು ತೆಗೆದು ಹೊಸದು ಹಾಕಿ, ಮನೆಮನೆಗೂ ಹೊಸ ನಲ್ಲಿ ಕೂರಿಸಿದರು. ರಸ್ತೆ ಅಗೆದರು, ಮುಚ್ಚುವುದನ್ನು ಮರೆತರು, ಬಕ್ಕೇಶಪ್ಪನವರು ಬೈದು ಮುಚ್ಚಿಸಿದರು. ಹೊಸ ಪೈಪಿನಲ್ಲಿ ಮೊದಲ ಸಲ ನೀರು ಬಿಟ್ಟ ಬೆಳಿಗ್ಗೆ ಮಂಗಳಮ್ಮ ಹಿತ್ತಲಿನ ನಲ್ಲಿಗೆ ಕೊಡ ಹಿಡಿದಳು. ಒಳಗಿನಿಂದ ಕೂಗು ಕೇಳಿಸಿತು.

"ಮಂಗಳಾ! ಏ ಮಂಗಳಾ! ಬಿಸಿ ಆತು! ಬಂದು ನೋಡೇ!"

ಅವಳು ಗಾಬರಿಯಿಂದ ನಲ್ಲಿ ನಿಲ್ಲಿಸಿ ಬಾಗಿಲ ಕಡೆ ಓಡಿದಳು. ಅಷ್ಟರಲ್ಲಿ ಒಳಗಿನಿಂದ, "ಅಯ್ಯೋ, ಆರಿಹೋತು ಕಣೆ" ಅನ್ನುವ ಸಪ್ಪೆ ದನಿ.

ಮಂಗಳಮ್ಮ ಹೊಸ್ತಿಲಲ್ಲೇ ನಿಂತಳು. ತಿರುಗಿ ನಲ್ಲಿಯನ್ನು ನೋಡಿದಳು. ವಾಪಸು ಹೋಗಿ ನಿಧಾನಕ್ಕೆ ತಿರುಗಿಸಿದಳು. ಕೊಡದ ತಳಕ್ಕೆ ನೀರು ಬಿತ್ತು.

"ಬಂತು! ಮತ್ತೆ ಬಂತು!"

ಇನ್ನೊಮ್ಮೆ ನಿಲ್ಲಿಸಿದಳು. ಒಳಗೆ ನಿಶ್ಶಬ್ದ. ತಿರುಗಿಸಿದಳು. ಈ ಸಲ ಕೂಗು ಬರಲಿಲ್ಲ, ಚಪ್ಪಲಿಯಿಲ್ಲದ ಹೆಜ್ಜೆಗಳ ಸದ್ದು ಬಂತು. ಬಕ್ಕೇಶಪ್ಪನವರು ಬಳೆಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಬಂದರು. ಗುಂಡಿ ಒತ್ತುವುದು ಅವರಿಗೆ ಮರೆತೇಹೋಗಿತ್ತು. ಕೊಡವನ್ನು ನೋಡಿದರು, ನಲ್ಲಿಯ ಮೇಲಿದ್ದ ಹೆಂಡತಿಯ ಕೈಯನ್ನು ನೋಡಿದರು.

"ನೀನಾ?" ಅಂದರು.

"ನಾನೇ ರೀ," ಅಂದಳು ಮಂಗಳಮ್ಮ.

ಅವರ ಕಣ್ಣು ತುಂಬಿಕೊಂಡಿತು. ಒರೆಸಿಕೊಳ್ಳಲೂ ಇಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತರು. ಕೊಡ ತುಂಬಿ ಬಾಯಿಗೆ ಬಂತು. ಅವಳು ನಲ್ಲಿ ನಿಲ್ಲಿಸಲು ಕೈ ಚಾಚಿದಾಗ ಅವರು, "ಬಿಂದಿಗೆನೂ ಐತಲ್ಲ ಒಳಗೆ, ಅದನ್ನೂ ತಗಂಬಾ" ಅಂದರು.